ಅನ್ನವೂ ಪ್ರಾರ್ಥನೆಯೂ

ಹಸಿದವನಿಗೆ ಅನ್ನವಿಕ್ಕುವುದು ಪುಣ್ಯವೆಂಬ ವಿಷಯದಲ್ಲಿ ಮತಮತಗಳಿಗೆ ಭೇದವಿಲ್ಲ. ಆದರೆ ಅನ್ನದ ಸಂಗಡ ಪ್ರಾರ್ಥನೆಯನ್ನೂ ಕೊಂಡೊಯ್ಯಬಹುದೆ, ಕೊಂಡೊಯ್ದರೆ ಅದನ್ನು ಎಲೆಯ ಯಾವ ಭಾಗದಲ್ಲಿ ಬಡಿಸತಕ್ಕದ್ದು ಎಂಬ ಪ್ರಶ್ನೆಯು ಮಾತ್ರ ಸುಲಭವಾದುದಲ್ಲ. ಬೀದಿಯಲ್ಲಿ ಮಲಗಿದವನ ಮುಂದೆ ರೊಟ್ಟಿಯನ್ನು ಹಿಡಿದು, ‘ಮೊದಲು ದೇವರನ್ನು ನೆನೆ, ಆಮೇಲೆ ತಿನ್ನು’ ಎಂದವರುಂಟು. ಹಸಿದವನೆದುರಿಗೆ ದೇವರ ಮಾತನ್ನೆತ್ತುವುದೇ ಅವನಿಗೆ ಮಾಡುವ ಅವಮಾನವೆಂದು ಸಿಡುಕಿದವರೂ ಉಂಟು. ಈ ಎರಡು ಪಕ್ಷಗಳಿಗೂ ಸೇರದ ಮೂರನೆಯ ದಾರಿಯೊಂದನ್ನು ರೋಮ್ ನಗರದಲ್ಲಿ ಕೆಲವರು ಹಿಡಿದು ಐವತ್ತು ವರ್ಷಗಳ ಮೇಲಾಯಿತು. ಆ ವೃತ್ತಾಂತವು ವಾಚಕರಿಗೆ ಅರುಚಿಯಾಗಲಾರದು.

ಮೊದಲನೆಯ ಪಕ್ಷದ ಕ್ರಮವು ಹೇಗೆ ಫಲಿಸುತ್ತದೆಂಬುದನ್ನು ತಿಳಿಯಬೇಕಾದರೆ ಜಾರ್ಜ್ ಆರ್ವೆಲ್ ಎಂಬ ಆಂಗ್ಲ ಗ್ರಂಥಕರ್ತನು, ಪ್ಯಾರಿಸ್ ಲಂಡನ್ ನಗರಗಳ ನಿರ್ಗತಿಕರ ನಡುವೆ ತಾನು ಕಳೆದ ದಿನಗಳನ್ನು ಕುರಿತು ೧೯೩೩ರಲ್ಲಿ ಪ್ರಕಟಿಸಿದ ಪುಸ್ತಕವನ್ನು ನೋಡಬಹುದು. ತಗಡಿನ ಮಾಡಿನ ಒಂದು ಪ್ರಾರ್ಥನಾಮಂದಿರದಲ್ಲಿ ಅಲೆಮಾರಿಗಳಿಗೆ ಚಹವನ್ನೂ ಸಿಹಿರೊಟ್ಟಿಯನ್ನೂ ಕೊಟ್ಟು, ಅದಾದೊಡನೆ ಎಲ್ಲರನ್ನೂ ಮೊಣಕಾಲೂರಿಸಿ ಪ್ರಾರ್ಥನೆ ಮಾಡಿಸಿದರು. ಚಹ ಕೊಟ್ಟ ಮಹಿಳೆಯು ಒಳ್ಳೆಯವಳೇ. ಅವಳ ಮನಸ್ಸಿನಲ್ಲಿ ಕಪಟವಿರಲಿಲ್ಲ. ಆದರೂ ಉಪಕಾರ ಪಡೆದವರು ಆ ಹೊತ್ತನ್ನು ಮುಜುಗರದಿಂದ ಕಳೆದು, ಬಾಗಿಲು ದಾಟಿದ ಮೇಲೆ ಉಸಿರಾಡಿದರು. ಇನ್ನೊಂದು ಇಗರ್ಜಿಯಲ್ಲಿ ನೂರರಷ್ಟು ಮಂದಿ ಚಹ ಕುಡಿದು ಮೇಲಿನ ಅಂತಸ್ತಿನಲ್ಲಿ ಕುಳಿತು, ಕೆಳಗೆ ಪ್ರಾರ್ಥನೆ ನಡೆಯುತ್ತಿದ್ದಷ್ಟು ಕಾಲವೂ ಹರಟಿದರು, ನಕ್ಕರು. ಚಹದ ಬೆಲೆಯಾಗಿ ಅವರಿಂದ ಭಕ್ತಿಯನ್ನು ಕೇಳಲಾಗಿತ್ತು. ಅವರು ಆ ಬೆಲೆಯನ್ನು ಖೋಟಾ ನಾಣ್ಯದಲ್ಲಿ ತೆತ್ತರು. ಅದೇ ಪುಸ್ತಕದಲ್ಲಿ ಥೇಮ್ಸ್ ನದಿಯ ದಡದ ಮೇಲೆ ಊಟದ ಚೀಟಿಗಳನ್ನು ಹಂಚುತ್ತಿದ್ದ ತರುಣ ಪಾದ್ರಿಯೊಬ್ಬನ ಪ್ರಸ್ತಾಪವಿದೆ. ಅವನು ಸಂಕೋಚದಿಂದ, ವಂದನೆಗೂ ಕಾಯದೆ, ಚೀಟಿಯನ್ನು ಕೈಗಿತ್ತು ಮುಂದಕ್ಕೆ ಹೋಗಿಬಿಡುತ್ತಿದ್ದನು. ಅವನೊಬ್ಬನನ್ನು ಮಾತ್ರ ಎಲ್ಲರೂ ಬಾಯಿತುಂಬ ಹೊಗಳಿದರು.

ಈ ಸೂಕ್ಷ್ಮವನ್ನು ಭಾರತದ ಧರ್ಮಶಾಸ್ತ್ರಕಾರರು ಬಹು ಹಿಂದೆಯೇ ಕಂಡಿದ್ದರು. ವೈಶ್ವದೇವವಾದ ಮೇಲೆ ಗೃಹಸ್ಥನು ಅಂಗಳಕ್ಕೆ ಬಂದು, ಒಂದು ಹಸುವನ್ನು ಕರೆಯುವಷ್ಟು ಹೊತ್ತು ಅತಿಥಿಗಾಗಿ ಕಾಯತಕ್ಕದ್ದೆಂದು ಅವರು ವಿಧಿಸಿದರು. ಬಂದವನ ಗೋತ್ರವನ್ನಾಗಲಿ ಶಾಖೆಯನ್ನಾಗಲಿ ಓದನ್ನಾಗಲಿ ಉಣ್ಣಿಸುವುದಕ್ಕೆ ಮೊದಲು ವಿಚಾರಿಸಕೂಡದೆಂದರು. ಊಟದ ಆಸೆಗೆ ತನ್ನ ಕುಲಗೋತ್ರಗಳನ್ನು ಹೇಳಿಕೊಳ್ಳುವವನನ್ನಂತೂ, ಇಲ್ಲಿ ಬರೆಯಲು ಹೇಸಿಗೆಯಾಗುವಂಥ ಮಾತಿನಿಂದ ನಿಂದಿಸಿದರು. ಅನ್ನಕ್ಕೆ ಪ್ರತಿಯಾಗಿ ಏನನ್ನೂ, ಕಡೆಗೆ ಒಂದು ಹೆಸರನ್ನು ಸಹ, ತೆಗೆದುಕೊಳ್ಳಬಾರದೆಂಬುದು ಈ ವಿಧಿನಿಷೇಧಗಳ ತಾತ್ಪರ್ಯ. ಶಾಸ್ತ್ರವು ಹೀಗಿದ್ದರೂ ಆಚರಣೆಯಲ್ಲಿ ಪಂಕ್ತಿಭೇದವೆಂಬುದು ಎಷ್ಟು ದೂರ ಬೆಳೆಯಿತೆಂಬುದು ಎಲ್ಲರೂ ಬಲ್ಲ ಸಂಗತಿ. ಅದನ್ನು ಇಲ್ಲಿ ಬೆಳೆಸುವುದು ಬೇಡ.

ಆದರೆ ಹೆಸರು ಕೇಳದೆ ಇಕ್ಕಿದ ಅನ್ನದಲ್ಲಿಯೂ ಒಂದು ದೋಷವು ನುಸುಳಬಹುದು. ಇಕ್ಕುವವನಿಗೆ ಬೇಕಾದುದು ಪುಣ್ಯವಾದರೆ, ಉಣ್ಣುವವನು ಆ ಪುಣ್ಯಕ್ಕೆ ಒಂದು ನಿಮಿತ್ತನಾಗಿ ಮಾತ್ರ ಉಳಿಯುತ್ತಾನೆ. ಇಂದು ಇವನು, ನಾಳೆ ಇನ್ನೊಬ್ಬನು. ಇಂದು ಬಂದವನು ನಾಳೆ ಬರದಿದ್ದರೆ ಏಕೆ ಬರಲಿಲ್ಲವೆಂದು ಕೇಳುವವರಿಲ್ಲ. ರೋಮಿನ ವೃತ್ತಾಂತವು ಮುಟ್ಟುವುದು ಈ ಎರಡನೆಯ ದೋಷವನ್ನು.

ಆ ನಗರಕ್ಕೆ ಧರ್ಮಧಾನ್ಯವು ಹೊಸದಲ್ಲ. ಗಣರಾಜ್ಯದ ಕಾಲದಿಂದಲೂ ಅಲ್ಲಿ ಪೌರರಿಗೆ ಗೋಧಿಯನ್ನು ಹಂಚುವ ಪದ್ಧತಿಯಿತ್ತು; ಜೂಲಿಯಸ್ ಸೀಸರನು ಅದನ್ನು ಪಡೆಯುವವರ ಸಂಖ್ಯೆಯನ್ನು ೩,೨೦,೦೦೦ದಿಂದ ೧,೫೦,೦೦೦ಕ್ಕೆ ಇಳಿಸಿದನು. ಪಟ್ಟಿಯಲ್ಲಿ ಸೇರಲು ಪೌರತ್ವವೇ ಅರ್ಹತೆಯಾಗಿತ್ತು, ಹಸಿವಲ್ಲ. ದಾಸರಿಗೂ ಪರದೇಶಿಗಳಿಗೂ ಅಲ್ಲಿ ಸ್ಥಾನವಿರಲಿಲ್ಲ.

ಬಡವರ ಪಟ್ಟಿಯೆಂಬುದು ಬೇರೆ ಅರ್ಥವನ್ನು ಪಡೆದುದು ಕ್ರಿ. ಶ. ೫೯೦ರಿಂದ ೬೦೪ರವರೆಗೆ ಪೋಪ್ ಪದವಿಯಲ್ಲಿದ್ದ ಗ್ರೆಗರಿಯ ಕಾಲದಲ್ಲಿ. ಆಗ ರೋಮ್ ಸಾಮ್ರಾಜ್ಯದ ರಾಜಧಾನಿಯಾಗಿ ಉಳಿದಿರಲಿಲ್ಲ. ನದಿಯ ಪ್ರವಾಹ, ಮಹಾಮಾರಿ, ಲೊಂಬಾರ್ಡರ ಹಾವಳಿ ಇವುಗಳಿಂದ ಕಂಗೆಟ್ಟು, ನಿರಾಶ್ರಿತರಿಂದ ತುಂಬಿಹೋಗಿತ್ತು. ಗ್ರೆಗರಿಯು ಸಹಾಯ ಪಡೆಯುವ ಸ್ತ್ರೀಪುರುಷರ ಹೆಸರು, ವಯಸ್ಸು, ಕಸಬು ಮೊದಲಾದುವನ್ನು ಒಂದು ದೊಡ್ಡ ಪುಸ್ತಕದಲ್ಲಿ ಬರೆಯಿಸಿಟ್ಟಿದ್ದನೆಂದೂ ಅದು ತನ್ನ ಕಾಲದವರೆಗೆ ಉಳಿದಿತ್ತೆಂದೂ ಒಂಬತ್ತನೆಯ ಶತಮಾನದಲ್ಲಿ ಅವನ ಚರಿತ್ರೆಯನ್ನು ಬರೆದ ಜಾನ್ ಎಂಬ ಧರ್ಮಸೇವಕನು ಹೇಳಿದ್ದಾನೆ. ಪ್ರತಿದಿನವೂ ಹನ್ನೆರಡು ಮಂದಿ ಬಡವರನ್ನು ತನ್ನ ಮೇಜಿನಲ್ಲಿ ಕೂರಿಸಿ ಉಣಿಸುತ್ತಿದ್ದಾಗ ಒಂದು ದಿನ ಹದಿಮೂರನೆಯವನಾಗಿ ದೇವದೂತನೇ ಬಂದು ಕುಳಿತನೆಂಬ ಐತಿಹ್ಯವುಂಟು. ಆ ಮೇಜೆಂದು ತೋರಿಸುವ ಕಲ್ಲಿನ ಹಲಗೆಯು ಚೆಲಿಯೋ ಗುಡ್ಡದ ಮೇಲೆ ಅವನ ಹೆಸರಿನ ಇಗರ್ಜಿಯ ಪಕ್ಕದ ಸಣ್ಣ ಗುಡಿಯಲ್ಲಿ ಇಂದಿಗೂ ಇದೆ. ದೇವದೂತನ ಕಥೆ ಹಾಗಿರಲಿ, ಅಂಥ ಕಥೆಗಳು ಭಾಗವತದಲ್ಲಿ ರಂತಿದೇವನ ಉಪಾಖ್ಯಾನವನ್ನು ಕೇಳಿ ಬೆಳೆದವರಿಗೆ ಅಪರಿಚಿತವಲ್ಲ. ಅದೇ ಚರಿತ್ರಕಾರನು ಹೇಳುವ ಇನ್ನೊಂದು ಸಂಗತಿಯು ಹೆಚ್ಚು ಮನಸ್ಸಿಗೆ ತಟ್ಟುತ್ತದೆ. ನಗರದ ಒಂದು ಮೂಲೆಯಲ್ಲಿ ಬಡವನೊಬ್ಬನು ಯಾರಿಗೂ ತಿಳಿಯದೆ ಸತ್ತುಬಿದ್ದಿದ್ದನು. ಇದನ್ನು ಕೇಳಿದ ಗ್ರೆಗರಿಯು ತಾನೇ ಅವನನ್ನು ಕೈಯಾರೆ ಕೊಂದಂತೆ ಭಾವಿಸಿ, ಕೆಲವು ದಿನಗಳವರೆಗೆ ಬಲಿಪೂಜೆಯನ್ನು ನಡೆಸಲಿಲ್ಲವಂತೆ. ಹೆಸರಿನ ಪುಸ್ತಕವನ್ನು ಇಟ್ಟವನಿಗೆ ಮಾತ್ರ ಅಂಥ ಸೂತಕವು ತಟ್ಟುತ್ತದೆ.

ಇನ್ನು ಈಚಿನ ಕಾಲಕ್ಕೆ ಬರೋಣವಾಗಲಿ. ೧೯೬೮ರಲ್ಲಿ ಯೂರೋಪಿನ ವಿದ್ಯಾರ್ಥಿಗಳೆಲ್ಲರೂ ಬೀದಿಗಿಳಿದು ಲೋಕವನ್ನು ತಲೆಕೆಳಗೆ ಮಾಡಲು ಹೊರಟಿದ್ದ ಸಮಯದಲ್ಲಿ, ರೋಮಿನಲ್ಲಿ ಆಂದ್ರೆಯಾ ರಿಕ್ಕಾರ್ಡಿ ಎಂಬ ಹದಿನೆಂಟು ವರ್ಷದ ಹುಡುಗನು ತನ್ನ ಶಾಲೆಯ ಕೆಲವು ಸಂಗಡಿಗರನ್ನು ಸೇರಿಸಿ, ಬೈಬಲನ್ನು ಓದುವುದನ್ನೂ ಊರ ಹೊರಗಿನ ಗುಡಿಸಲುಗಳಿಗೆ ಹೋಗಿ ಅಲ್ಲಿನ ಮಕ್ಕಳಿಗೆ ಪಾಠ ಹೇಳುವುದನ್ನೂ ಆರಂಭಿಸಿದನು. ೧೯೭೩ರಲ್ಲಿ ಇವರಿಗೆ ಟೈಬರ್ ನದಿಯ ಆಚೆಯ ಟ್ರಾಸ್ತೇವೆರೆ ಕೇರಿಯಲ್ಲಿ ಸಂತ್ ಎಜಿದಿಯೋ ಎಂಬ ಹಳೆಯ ಸಂನ್ಯಾಸಿನೀಮಠವೊಂದು ನೆಲೆಯಾಗಿ ದೊರೆಯಿತು. ಸಂಘಕ್ಕೂ ಅದೇ ಹೆಸರು ನಿಂತಿತು. ಎಜಿದಿಯೋ ಎಂಬ ಸಂತನು ಕುಂಟರಿಗೂ ಭಿಕ್ಷುಕರಿಗೂ ರಕ್ಷಕನೆಂಬ ಪ್ರತೀತಿಯಿರುವುದು ಆಕಸ್ಮಿಕವಾದ ಹೊಂದಿಕೆ. ಈ ಮನೆಯಲ್ಲಿಯೇ ಮೊಜಾಂಬಿಕ್ ದೇಶದ ಅಂತರ್ಯುದ್ಧವನ್ನು ನಿಲ್ಲಿಸಿದ ಸಂಧಾನವು ನಡೆದು, ೧೯೯೨ನೆಯ ಅಕ್ಟೋಬರ್ ೪ರಂದು ಒಪ್ಪಂದಕ್ಕೆ ರುಜುವಾಯಿತೆಂದರೆ ಓದುವವರಿಗೆ ಆಶ್ಚರ್ಯವಾಗಬಹುದು. ಅದು ಬೇರೆಯೇ ಒಂದು ಕಥೆ.

ಇವರು ಸಾಯಂಕಾಲ ಹತ್ತಿರದ ಸಾಂತಾ ಮರಿಯಾ ಇಗರ್ಜಿಯಲ್ಲಿ ಕಲೆತು ಪ್ರಾರ್ಥನೆ ಮಾಡುತ್ತಾರೆ. ಹನ್ನೆರಡನೆಯ ಶತಮಾನದ ಬಣ್ಣಗಲ್ಲಿನ ಚಿತ್ರಗಳಿಂದ ಹೊಳೆಯುವ ಹಳೆಯ ದೇವಾಲಯವದು. ಅಲ್ಲಿಗೆ ಬರಬೇಕೆಂಬ ಕಟ್ಟಳೆಯು ಇವರ ಊಟವನ್ನು ಉಣ್ಣುವವರಿಗೆ ಇಲ್ಲ. ಬರಬಾರದೆಂಬ ತಡೆಯೂ ಇಲ್ಲ. ಪ್ರಾರ್ಥನೆಯು ಇಕ್ಕುವವನ ನಿಯಮ, ಉಣ್ಣುವವನ ಸುಂಕವಲ್ಲ. ವಾರದಲ್ಲಿ ಹಲವು ರಾತ್ರಿ ಇವರು ಗುಂಪುಗುಂಪಾಗಿ ರೊಟ್ಟಿಯನ್ನೂ ಬಿಸಿ ಪಾನೀಯವನ್ನೂ ಹೊತ್ತು ರೈಲು ನಿಲ್ದಾಣಗಳ ಕಡೆಗೂ ಸಂತ ಪೇತ್ರನ ಮಹಾದೇವಾಲಯದ ಕಂಬಸಾಲಿನ ಕಡೆಗೂ ಹೊರಡುತ್ತಾರೆ. ಕೊಡುವ ವಸ್ತುವು ದೊಡ್ಡದಲ್ಲ. ಕೂತು ಮಾತನಾಡುವುದರಲ್ಲಿಯೇ ಹೆಚ್ಚು ಹೊತ್ತು ಹೋಗುತ್ತದೆ.

ಅನಿಕೇತನನೆಂಬ ಶಬ್ದವು ಯತಿಗಳಿಗೆ ಭೂಷಣವಾದುದು. ನಿಲ್ದಾಣದ ಕಲ್ಲುನೆಲದ ಮೇಲೆ ರಟ್ಟನ್ನು ಹಾಸಿ ಮಲಗುವ ಮುದುಕಿಗೆ ಅದು ಭೂಷಣವೆಂದು ಯಾರೂ ಹೇಳಲಾರರು. ರೋಮಿನ ತೆರ್ಮಿನಿ ರೈಲು ನಿಲ್ದಾಣದ ಸುತ್ತಮುತ್ತ ಹೀಗೆ ದಿನ ಕಳೆಯುತ್ತಿದ್ದವರಲ್ಲಿ ಮೊದೆಸ್ತಾ ವಾಲೆಂತಿ ಎಂಬವಳೊಬ್ಬಳು. ವಯಸ್ಸು ಎಪ್ಪತ್ತರ ಮೇಲೆ. ೧೯೮೩ನೆಯ ಜನವರಿ ೩೧ರಂದು, ಚಳಿಗಾಲದ ನಡುವೆ, ಅವಳಿಗೆ ಮೈ ಸರಿಯಿಲ್ಲದಾಗಿ ಬಿದ್ದಳು. ಕಂಡವರು ಆಂಬುಲೆನ್ಸ್ ಗಾಡಿಯನ್ನು ಕರೆಯಿಸಿದರು. ಗಾಡಿಯೇನೋ ಬಂದಿತು; ಆದರೆ ಮುದುಕಿಯು ಕೊಳಕಾಗಿರುವಳು, ಮೈಮೇಲೆ ಹೇನುಗಳಿವೆ ಎಂದು ಅವಳನ್ನು ಹತ್ತಿಸಿಕೊಳ್ಳಲಿಲ್ಲ. ಅವಳನ್ನು ಎಲ್ಲಿಗೆ, ಯಾರು ಒಯ್ಯಬೇಕೆಂಬ ವಿಚಾರದಲ್ಲಿಯೇ ಗಂಟೆಗಳು ಕಳೆದುವು. ಅವಳು ಅಲ್ಲಿಯೇ, ನೆಲದ ಮೇಲೆ, ಹೋಗುವವರು ಬರುವವರು ನೋಡುತ್ತಿದ್ದಂತೆ ಪ್ರಾಣಬಿಟ್ಟಳು.

ಗಮನಿಸಬೇಕಾದುದೇನೆಂದರೆ, ಮೊದೆಸ್ತಾ ಹಸಿವಿನಿಂದ ಸಾಯಲಿಲ್ಲ. ಔಷಧವಿಲ್ಲದ ದೇಶದಲ್ಲಿಯೂ ಸಾಯಲಿಲ್ಲ. ಇಟಲಿಯು ಎಲ್ಲರಿಗೂ ಚಿಕಿತ್ಸೆಯನ್ನು ಒದಗಿಸುವ ರಾಷ್ಟ್ರೀಯ ಆರೋಗ್ಯವ್ಯವಸ್ಥೆಯನ್ನು ೧೯೭೮ರಲ್ಲಿ, ಅಂದರೆ ಇದಕ್ಕೆ ಐದು ವರ್ಷ ಮೊದಲೇ, ಶಾಸನಮುಖೇನ ಏರ್ಪಡಿಸಿಕೊಂಡಿತ್ತು. ರೊಟ್ಟಿಯಿತ್ತು, ಆಸ್ಪತ್ರೆಯಿತ್ತು, ಗಾಡಿಯೂ ಬಂದಿತ್ತು. ‘ಈಕೆ ಇಂಥವಳು, ನಮ್ಮವಳು, ಎತ್ತಿರಿ’ ಎಂದು ಹೇಳುವ ಒಂದು ಬಾಯಿ ಮಾತ್ರ ಇರಲಿಲ್ಲ. ಅನ್ನವನ್ನು ಎಷ್ಟು ಹಂಚಿದರೂ ಆ ಒಂದು ಬಾಯಿ ಅದರಿಂದ ತಾನಾಗಿ ಹುಟ್ಟುವುದಿಲ್ಲ.

ಆ ದಿನಗಳಲ್ಲಿ ಸಂತ್ ಎಜಿದಿಯೋ ಸಂಘದವರು ಬೀದಿಯಲ್ಲಿ ಮಲಗುವವರ ಪರಿಚಯವನ್ನು ಬೆಳೆಸಿಕೊಳ್ಳತೊಡಗಿದ್ದರು. ಈ ಮರಣವು ಅವರನ್ನು ಅಲುಗಿಸಿತು. ಅಂದಿನಿಂದ ವರ್ಷವರ್ಷವೂ ಜನವರಿಯ ಕೊನೆಯ ಸುಮಾರಿಗೆ ಮೊದೆಸ್ತಾಳ ಹೆಸರಿನಲ್ಲಿ ಬಲಿಪೂಜೆಯನ್ನು ನಡೆಸುವ ಸಂಪ್ರದಾಯವು ಬೆಳೆದುಬಂದಿತು. ಅವಳ ಹೆಸರಿನೊಡನೆ, ಬೀದಿಯಲ್ಲಿ ಸತ್ತ ಇತರರ ಹೆಸರುಗಳನ್ನೂ ಒಂದೊಂದಾಗಿ ಓದುತ್ತಾರೆ. ಹೆಸರಿಗೊಂದರಂತೆ ದೀಪವನ್ನು ಹಚ್ಚುತ್ತಾರೆ. ಪಟ್ಟಿಯು ವರ್ಷದಿಂದ ವರ್ಷಕ್ಕೆ ಉದ್ದವಾಗಿದೆ. ಓದಿ ಮುಗಿಸಲು ಬಹಳ ಹೊತ್ತು ಹಿಡಿಯುತ್ತದೆ, ಅವಸರಪಡುವವರಿಲ್ಲ. ಕೇಳುವವರ ನಡುವೆ ಬೀದಿಯಲ್ಲಿಯೇ ಬದುಕುವವರೂ ಕುಳಿತಿರುತ್ತಾರೆ, ತಮ್ಮ ಸಂಗಡಿಗರ ಹೆಸರು ಬಂದಾಗ ಗುರುತಿಸುತ್ತಾರೆ. ತಾವು ಸತ್ತ ಮೇಲೆ ತಮ್ಮ ಹೆಸರನ್ನೂ ಹೀಗೆ ಯಾರೋ ಉಚ್ಚರಿಸುವರೆಂಬ ಅರಿವು ಅವರಿಗೆ ಯಾವ ಬಗೆಯ ಆಹಾರವಾಗಿರಬಹುದೆಂಬುದನ್ನು ಮನೆಯುಳ್ಳವರು ಊಹಿಸುವುದು ಕಷ್ಟ.

ತರ್ಪಣವಿಧಿಯನ್ನು ಬಲ್ಲವರಿಗೆ ಇದನ್ನು ಓದುವಾಗ ಒಂದು ವಿಷಯವು ನೆನಪಿಗೆ ಬರದಿರದು. ತಂದೆ, ಅಜ್ಜ, ಮುತ್ತಜ್ಜ ಎಂದು ಹೆಸರು ಗೋತ್ರಗಳನ್ನು ಹೇಳಿ ನೀರು ಬಿಟ್ಟಾದ ಬಳಿಕ, ಕುಲದಲ್ಲಿ ಮಕ್ಕಳಿಲ್ಲದೆ ಸತ್ತವರಿಗೆಂದು ಉಟ್ಟ ಬಟ್ಟೆಯ ಅಂಚನ್ನು ಹಿಂಡಿ ನೀರು ಬಿಡುವ ಕ್ರಮವೊಂದಿದೆ. ತಾಯಿತಂದೆ ಬಂಧುಗಳಿಲ್ಲದವರಿಗೂ ತೃಪ್ತಿಯಾಗಲೆಂಬ ಸಂಕಲ್ಪವೂ ಉಂಟು. ಎಷ್ಟು ಮೃದುವಾದ ಮನಸ್ಸು ಆ ವಿಧಿಯನ್ನು ಕಲ್ಪಿಸಿರಬೇಕು! ಆದರೆ ಅಲ್ಲಿ ಅವರೆಲ್ಲರೂ ಒಟ್ಟಿಗೆ, ಹೆಸರಿಲ್ಲದೆ, ಒಂದು ಹಿಡಿತದ ನೀರಿನಲ್ಲಿ ಮುಗಿದುಹೋಗುತ್ತಾರೆ. ರೋಮಿನವರು ಅದೇ ಅನಾಥರ ಹೆಸರುಗಳನ್ನು ಅವರು ಬದುಕಿರುವಾಗಲೇ ಕೇಳಿ ತಿಳಿದುಕೊಂಡು, ಬರೆದಿಟ್ಟು, ಸತ್ತ ಮೇಲೆ ಓದುತ್ತಾರೆ. ಗೋತ್ರವನ್ನು ಕೇಳಬಾರದೆಂಬ ಶಾಸ್ತ್ರಕ್ಕೆ ಇದು ವಿರೋಧವೆ? ವಿರೋಧವಲ್ಲವೆಂದೇ ತೋರುತ್ತದೆ. ಊಟಕ್ಕೆ ಮೊದಲು ಕೇಳಿದ ಹೆಸರು ಪರೀಕ್ಷೆ. ಊಟವಾದ ಮೇಲೆ ಜಗಲಿಯ ಮೇಲೆ ಕುಳಿತು ಕೇಳಿದ ಹೆಸರು ನೆಂಟತನ.

ಇದಕ್ಕೆ ಸುಮಾರು ಒಂದು ತಿಂಗಳು ಹಿಂದೆ, ೧೯೮೨ರ ಕ್ರಿಸ್‌ಮಸ್ ದಿನದಂದು, ಇದೇ ಸಾಂತಾ ಮರಿಯಾ ಇಗರ್ಜಿಯ ಒಳಗೆ ಮೇಜುಗಳನ್ನಿಟ್ಟು ಇಪ್ಪತ್ತರಷ್ಟು ಮಂದಿ ಬಡವರನ್ನು ಔತಣಕ್ಕೆ ಕೂರಿಸಿದ್ದರು. ಹಬ್ಬದ ದಿನ ಮನೆಯಿಲ್ಲದವನ ಕಷ್ಟವು ಎರಡರಷ್ಟಾಗುತ್ತದೆ, ಏಕೆಂದರೆ ಅಂಗಡಿಗಳೆಲ್ಲ ಮುಚ್ಚಿ, ಊರೆಲ್ಲ ಒಳಗೆ ಸೇರಿಕೊಂಡಿರುತ್ತದೆ. ದೇವಾಲಯದ ಮಧ್ಯದಲ್ಲಿ ಊಟವನ್ನು ಬಡಿಸುವುದು ಮಡಿವಂತರಿಗೆ ಹಿಡಿಸಲಿಕ್ಕಿಲ್ಲ. ಅಲ್ಲಿಯೂ ಅಂಥವರು ಇಲ್ಲದಿರಲಾರರು. ಆದರೆ ಆ ಪದ್ಧತಿಯು ಬೆಳೆದು, ಈಗ ಲೋಕದ ಅನೇಕ ನಗರಗಳಲ್ಲಿ ಸಹಸ್ರಾರು ಜನರು ಆ ದಿನ ಹೀಗೆಯೇ ಉಣ್ಣುತ್ತಾರೆ. ಸಂಘದವರು ನಿತ್ಯದ ಊಟಕ್ಕೆ ನಡೆಸುವ ಭೋಜನಶಾಲೆಯಲ್ಲಿಯೂ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲಿಸುವುದಿಲ್ಲ. ಕೂರಿಸಿ, ಮೇಜಿಗೆ ತಂದು ಬಡಿಸುತ್ತಾರೆ. ನಗರದಲ್ಲಿ ಎಲ್ಲಿ ಉಣ್ಣಬಹುದು, ಎಲ್ಲಿ ಮಲಗಬಹುದು, ಎಲ್ಲಿ ಮೈ ತೊಳೆಯಬಹುದು ಎಂಬುದನ್ನು ತಿಳಿಸುವ ಸಣ್ಣ ಪುಸ್ತಕವೊಂದನ್ನು ಪ್ರತಿವರ್ಷ ಅಚ್ಚುಹಾಕಿ ಬೀದಿಯವರಿಗೆ ಹಂಚುತ್ತಾರೆ. ಪ್ರವಾಸಿಗಳಿಗೆ ಒಳ್ಳೆಯ ಹೋಟೆಲುಗಳನ್ನು ತೋರಿಸಿಕೊಡುವ ಮಿಷೆಲಿನ್ ಎಂಬ ಪುಸ್ತಕವುಂಟಷ್ಟೆ. ಇದನ್ನು ಜನರು ಬಡವರ ಮಿಷೆಲಿನ್ ಎಂದು ಕರೆಯುತ್ತಾರೆ.

ಮೈ ತೊಳೆಯುವ ಮಾತು ಬಂದುದರಿಂದ ಇನ್ನೊಂದು ಸಂಗತಿಯನ್ನು ಹೇಳಬೇಕು. ೨೦೧೩ರಲ್ಲಿ ಪೋಪ್ ಫ್ರಾನ್ಸಿಸರು ತಮ್ಮ ದಾನಾಧಿಕಾರಿಯನ್ನಾಗಿ ಕೊನ್ರಾಡ್ ಕ್ರಾಯೆವ್‌ಸ್ಕಿ ಎಂಬ ಪೋಲೆಂಡಿನ ಗುರುವನ್ನು ನೇಮಿಸಿದರು. ಅವರು ಮರುವರ್ಷ ಬೀದಿಯವನೊಬ್ಬನನ್ನು ಊಟಕ್ಕೆ ಕರೆದರು. ಅವನು ಒಪ್ಪಲಿಲ್ಲ, ತನ್ನ ಮೈ ನಾರುತ್ತದೆ, ಹೋಟೆಲಿನೊಳಕ್ಕೆ ಹೇಗೆ ಬರಲಿ ಎಂದನು. ರೋಮಿನಲ್ಲಿ ಹಸಿವಿನಿಂದ ಸಾಯುವವರಿಲ್ಲ, ಸ್ನಾನಕ್ಕೆ ಮಾತ್ರ ಎಡೆಯಿಲ್ಲ ಎಂಬುದು ಅವನ ಮಾತಿನ ಸಾರ. ಇದರ ಫಲವಾಗಿ ೨೦೧೫ರ ಫೆಬ್ರವರಿಯಲ್ಲಿ ಸಂತ ಪೇತ್ರನ ದೇವಾಲಯದ ಕಂಬಸಾಲಿನ ಬದಿಯಲ್ಲಿಯೇ ಸ್ನಾನದ ಮನೆಗಳು ತೆರೆದುವು. ರೋಮಿನ ಕ್ಷೌರಿಕರಿಗೆ ಸೋಮವಾರ ರಜ. ಅವರಲ್ಲಿ ಕೆಲವರು ಆ ದಿನ ಅಲ್ಲಿಗೆ ಬಂದು ಧರ್ಮಕ್ಕೆ ಕ್ಷೌರ ಮಾಡತೊಡಗಿದರು. ಸ್ನಾನಾನಂತರ ಭೋಜನವೆಂಬ ಕ್ರಮವನ್ನು ಶಾಸ್ತ್ರವಾಗಿ ಕಲಿತವರಿಗೆ, ಸ್ನಾನವಿಲ್ಲದ್ದರಿಂದ ಭೋಜನವನ್ನೇ ಬಿಟ್ಟ ಆ ಮನುಷ್ಯನ ಮರ್ಯಾದೆಯು ಅರ್ಥವಾಗದಿರದು. ಎಲ್ಲವನ್ನೂ ಕಳೆದುಕೊಂಡವನು ಇನ್ನೊಬ್ಬರ ಪಂಕ್ತಿಯನ್ನು ಕೆಡಿಸಬಾರದೆಂಬ ಎಣಿಕೆಯನ್ನು ಕಳೆದುಕೊಂಡಿರಲಿಲ್ಲ.

ಅದೇ ಆವರಣಕ್ಕೆ ಸೇರಿದ ಇನ್ನೊಬ್ಬನ ಹೆಸರು ವಿಲ್ಲಿ ಹರ್ಟೆಲೀರ್. ಬೆಲ್ಜಿಯಮ್ ದೇಶದಿಂದ ಬಂದವನು. ವ್ಯಾಟಿಕನ್ನಿನ ಸಂತ ಅನ್ನಮ್ಮನ ಇಗರ್ಜಿಯ ಪೂಜೆಗೆ ದಿನವೂ ತಪ್ಪದೆ ಬರುತ್ತಿದ್ದ ಮುದುಕ. ೨೦೧೪ರ ಡಿಸೆಂಬರಿನಲ್ಲಿ ಅವನು ಆಸ್ಪತ್ರೆಯಲ್ಲಿ ತೀರಿಕೊಂಡಾಗ ಶವವನ್ನು ಕೇಳುವವರಿಲ್ಲದೆ ಕೆಲವು ವಾರ ಅಲ್ಲಿಯೇ ಇತ್ತು. ಪೂಜೆಯಲ್ಲಿ ಅವನ ಸ್ಥಳವು ಖಾಲಿಯಿರುವುದನ್ನು ಕಂಡವರು ಹುಡುಕಿ ಪತ್ತೆ ಮಾಡಿದರು. ರಾಜವಂಶದವರೂ ವಿದ್ವಾಂಸರೂ ಮಲಗಿರುವ, ವ್ಯಾಟಿಕನ್ನಿನ ಒಳಗಣ ಜರ್ಮನರ ಸ್ಮಶಾನದಲ್ಲಿ ಅವನನ್ನು ಹೂಳಿದರು. ಮೊದೆಸ್ತಾಳ ಕಥೆಯಲ್ಲಿ ಇಲ್ಲದಿದ್ದ ಆ ಬಾಯಿ ಇಲ್ಲಿ ಇತ್ತು, ತಡವಾಗಿಯಾದರೂ.

ಇದರ ಮೇಲೆ ಆಕ್ಷೇಪಣೆಗಳಿಲ್ಲದೆ ಇಲ್ಲ. ರೊಟ್ಟಿಯೂ ದೀಪವೂ ಮನೆಯಾಗುವುದಿಲ್ಲ. ಬೀದಿಯಲ್ಲಿಯೇ ಇರಿಸಿ ಬೀದಿಯನ್ನು ಸಹ್ಯಮಾಡಿಕೊಡುವುದರಿಂದ ಏನು ಪ್ರಯೋಜನ ಎಂದು ಕೇಳುವವರ ಮಾತಿನಲ್ಲಿ ಬಹಳ ಸತ್ಯವಿದೆ. ೨೦೧೯ರ ನವೆಂಬರಿನಲ್ಲಿ ಕಂಬಸಾಲಿನ ಸಮೀಪದ ಪಾಲಾತ್ಸೋ ಮಿಲ್ಯೋರಿ ಎಂಬ ನಾಲ್ಕಂತಸ್ತಿನ ಹಳೆಯ ಸೌಧವು ಬೀದಿಯವರ ವಸತಿಗೆಂದು ತೆರೆಯಲ್ಪಟ್ಟು ಸಂತ್ ಎಜಿದಿಯೋ ಸಂಘದವರ ಕೈಗೆ ಬಂದಿತು. ಅಲ್ಲಿ ಹಿಡಿಸುವುದು ಐವತ್ತರಷ್ಟು ಮಂದಿ, ಹೊರಗಿರುವವರು ಸಾವಿರಾರು. ಅದೇ ವರ್ಷದ ಮೇ ತಿಂಗಳಲ್ಲಿ, ನಾನೂರಕ್ಕೂ ಮಿಕ್ಕ ಜನರು ಹೊಕ್ಕು ವಾಸಮಾಡುತ್ತಿದ್ದ ಒಂದು ಕಟ್ಟಡಕ್ಕೆ ಬಾಕಿಯ ಸಲುವಾಗಿ ವಿದ್ಯುತ್ತನ್ನು ನಿಲ್ಲಿಸಿದಾಗ, ಅಷ್ಟರಲ್ಲಿ ಕಾರ್ಡಿನಲ್ ಪದವಿಗೆ ಏರಿದ್ದ ಅದೇ ಕ್ರಾಯೆವ್‌ಸ್ಕಿಯವರು ರಾತ್ರಿಯಲ್ಲಿ ತಾವೇ ನೆಲಗುಂಡಿಯೊಳಗಿಳಿದು ಮುದ್ರೆಯನ್ನು ಮುರಿದು ದೀಪ ಹತ್ತಿಸಿದರು. ಹಾಗಾದರೆ ಬಾಕಿಯ ಹಣವನ್ನೂ ಅವರೇ ಕಟ್ಟಲಿ ಎಂದು ಆಗಿನ ಗೃಹಮಂತ್ರಿಯು ಹೇಳಿದನು. ಕಾಯಿದೆಯ ದೃಷ್ಟಿಯಿಂದ ಮಂತ್ರಿಯ ಮಾತನ್ನು ತಪ್ಪೆನ್ನಲಾಗದು. ಒಳಗೆ ಕತ್ತಲೆಯಲ್ಲಿದ್ದವರಲ್ಲಿ ಮಕ್ಕಳು ಬಹಳ ಮಂದಿಯಿದ್ದರೆಂಬುದೂ ಸುಳ್ಳಲ್ಲ.

ಮೊದೆಸ್ತಾಳ ಹೆಸರು ಇಗರ್ಜಿಯ ದೀಪಗಳ ಬಳಿಯಲ್ಲಿಯೇ ನಿಲ್ಲಲಿಲ್ಲ. ಇಟಲಿಯಲ್ಲಿ ವೈದ್ಯನನ್ನು ಗೊತ್ತುಮಾಡಿಕೊಳ್ಳುವುದಕ್ಕೂ ಪೌರನಾಗಿ ಗುರುತಿನ ಕಾಗದವನ್ನು ಪಡೆಯುವುದಕ್ಕೂ ಮನುಷ್ಯನು ಯಾವುದಾದರೊಂದು ವಿಳಾಸದಲ್ಲಿ ನಿವಾಸಿಯೆಂದು ದಾಖಲಾಗಿರಬೇಕು. ಮನೆಯಿಲ್ಲದವನಿಗೆ ವಿಳಾಸವೆಲ್ಲಿಯದು? ಇದಕ್ಕಾಗಿ ರೋಮಿನ ನಗರಸಭೆಯವರು ತಮ್ಮ ದಫ್ತರದಲ್ಲಿ ಮಾತ್ರ ಇರುವ ಒಂದು ಬೀದಿಯನ್ನು ಕಲ್ಪಿಸಿದರು. ಅದರ ಹೆಸರು ‘ವಿಯಾ ಮೊದೆಸ್ತಾ ವಾಲೆಂತಿ’, ಅಂದರೆ ಮೊದೆಸ್ತಾ ವಾಲೆಂತಿಯ ಬೀದಿ. ನಗರದ ಯಾವ ಕೇರಿಯನ್ನು ಹುಡುಕಿದರೂ ಆ ಬೀದಿಯು ಸಿಕ್ಕುವುದಿಲ್ಲ. ಆದರೆ ಸಹಸ್ರಾರು ಜನರ ಕಾ‌ಗದಗಳಲ್ಲಿ ನಿವಾಸಸ್ಥಾನವೆಂದು ಬರೆದಿರುವುದು ಅದೇ.